ರುಕಿಯಮ್ಮನೂ ನೀಲಿ ಬೆಂಕಿಯೂ

ಕಾಪುವಿನ ರುಕಿಯಮ್ಮ ಮೀಯಿಸುವಾಗ ಬಾಣಂತಿ ಬಾಯಿ ಮುಚ್ಚಿ ಕೂರುವ ಹಾಗಿರಲಿಲ್ಲ. ಏನಾದರೂ ಮಾತಾಡುತ್ತಲೇ ಇರಬೇಕು. ಗಂಡನನ್ನು ಬೈಯಬಹುದು, ಅತ್ತೆಯ ದೂರು ಹೇಳಬಹುದು, ಏನೂ ಇಲ್ಲದಿದ್ದರೆ ಕಾಪುವಿನಿಂದ ಉಡುಪಿಯವರೆಗಿನ ಬಸ್ ಸ್ಟಾಪುಗಳ ಹೆಸರನ್ನಾದರೂ ಒಪ್ಪಿಸಬೇಕು. ಒಂದು ಗಳಿಗೆ ಸುಮ್ಮನಾದರೆ ಸಾಕು, "ಎಂತ? ಬಾಯಿಗೆ ಎಂತಾಯಿತು ನಿನಗೆ? ಮಾತಾಡು!" ಎಂದು ಚೊಂಬು ಕೆಳಗಿಟ್ಟು ಗಲ್ಲ ಹಿಡಿದು ಅಲುಗಿಸುತ್ತಿದ್ದಳು. "ರುಕಿಯಮ್ಮನಿಗೆ ಕೂಲಿ ಬೇಡ, ಸುದ್ದಿ ಕೊಟ್ಟರೆ ಸಾಕು" ಎಂದು ಕೇರಿಯ ಹೆಂಗಸರು ನಗುತ್ತಿದ್ದರು. ನಗಲಿ ಬಿಡಿ. ನಗುವವರು ಆ ದಿನ ಜುಬೈದಾಳ ಬಚ್ಚಲಿನಲ್ಲಿ ಇರಲಿಲ್ಲ.

ಮೊದಲು ಅವಳು ಹೀಗಿರಲಿಲ್ಲ. ಗಂಡ ಸತ್ತ ಮೇಲೆ ಅವಳ ಹೊಟ್ಟೆ ಹೊರೆದದ್ದು ಬಾಣಂತಿ ಮೀಯಿಸುವ ಕೆಲಸವೇ. ಬೆಳ್ಮಣ್ಣಿನಿಂದಲೂ ಕುಕ್ಕುಂದೂರಿನಿಂದಲೂ ಅವಳಿಗೆ ಕರೆ ಬರುತ್ತಿತ್ತು. ಬಚ್ಚಲಿಗೆ ಹೊಕ್ಕಳೆಂದರೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಒಲೆಗೆ ತೆಂಗಿನ ಒಣ ಕೊತ್ತಳಿಗೆ ತುರುಕಿ, ಹಂಡೆಯ ನೀರು ಕುದಿಯುವವರೆಗೆ ಒಂದು ಮಾತೂ ಆಡುತ್ತಿರಲಿಲ್ಲ. ಅವಳಿಗೆ ಎರಡೇ ಕಾನೂನು. ನೀರು ಸುಡುಸುಡು ಇರಬೇಕು, ಹೆತ್ತ ಮೈಗೆ ಗಾಳಿ ತಾಗಬಾರದು. ಕಿಟಕಿಯ ಸಂದಿಗೂ ಬಟ್ಟೆ ತುರುಕಿಯೇ ಎಣ್ಣೆಗೆ ಕೈ ಹಾಕುವವಳು. ಇದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಅದೇ ಕೇರಿಯ ಜುಬೈದಾಳೂ ಹೊಗಳುತ್ತಿದ್ದಳು.

ಈ ಜುಬೈದಾಳ ಮಗ ಜಲಾಲ್ ದುಬೈಯಲ್ಲಿದ್ದ. ಎಂಬತ್ತಮೂರರಲ್ಲಿ ರಜೆಗೆ ಬಂದವನು ಕಂಬಳಿ, ಟೇಪ್‌ರೆಕಾರ್ಡರಿನ ಜೊತೆ ಒಂದು ಬಿಳಿ ಪೆಟ್ಟಿಗೆ ತಂದ. ಗ್ಯಾಸಿನಲ್ಲಿ ನೀರು ಕಾಯಿಸುವ ಗೀಸರ್. ನಲ್ಲಿ ತಿರುಗಿಸಿದರೆ ಬೆಂಕಿ, ನಿಲ್ಲಿಸಿದರೆ ಬೆಂಕಿ ಮಾಯ! ಹೊಸ ಬಚ್ಚಲಿನ ಒಳಗೋಡೆಗೆ ಅದನ್ನು ತಾನೇ ಮೊಳೆ ಹೊಡೆದು ಕೂರಿಸಿದ. ಅದರ ತಲೆಯಿಂದ ಹೊರಗೆ ಹೋಗುವ ಕೊಳವೆಯೊಂದು ಬೇಕಿತ್ತಂತೆ. "ಇದರಲ್ಲಿ ಹೊಗೆಯೇ ಇಲ್ಲ ಉಮ್ಮ, ಕೊಳವೆ ಯಾಕೆ?" ಎಂದುಬಿಟ್ಟ ಪುಣ್ಯಾತ್ಮ. ರಜೆ ಮುಗಿಸಿ ಹೋದ. ತಿಂಗಳು ಕಳೆಯುವುದರೊಳಗೆ ಅವನ ತಂಗಿ ನಬೀಸಾ ತಾಯಿಯ ಮನೆಯಲ್ಲಿ ಗಂಡು ಹೆತ್ತಳು. ರುಕಿಯಮ್ಮನಿಗೆ ಕರೆ ಹೋಯಿತು.

ಮೊದಲ ದಿನ ಜುಬೈದಾ ಕಡ್ಡಿ ಗೀರಿ ನಲ್ಲಿ ತಿರುಗಿಸಿದಾಗ ಪೆಟ್ಟಿಗೆಯೊಳಗೆ 'ಭಗ್' ಎಂದಿತು. ರುಕಿಯಮ್ಮ ಒಂದೇ ನೆಗೆತಕ್ಕೆ ಅಂಗಳ ಸೇರಿದ್ದಳು.

"ಇದೆಂತ ಬೆಂಕಿ ಮಾರಾಯ್ತಿ, ನೀಲಿ! ಬೆಂಕಿ ಅಂದರೆ ಹಳದಿ ಇರಬೇಕಲ್ವಾ? ಇದು ಸಿಡಿಯುತ್ತದೆ, ನೋಡು!"

"ದುಬೈಯಲ್ಲಿ ಎಲ್ಲರ ಮನೆಯಲ್ಲೂ ಉಂಟು. ಯಾರೂ ಸತ್ತಿಲ್ಲ. ಒಳಗೆ ಹೋಗಿ ಚಿಲಕ ಹಾಕು, ಮಗಳಿಗೆ ಗಾಳಿ ತಾಗ್ತದೆ."

"ಚಿಲಕ ಹಾಕಿದರೆ ನಾನು ಮೀಯಿಸುವುದಿಲ್ಲ. ಸಿಡಿದರೆ ಓಡುವುದು ಹೇಗೆ?"

ಎಷ್ಟು ಬೈದರೂ ಅವಳು ಚಿಲಕ ಹಾಕಲಿಲ್ಲ. ಬಾಗಿಲನ್ನು ಬರಿದೇ ಎಳೆದುಕೊಂಡು ಅದಕ್ಕೇ ಬೆನ್ನು ಮಾಡಿ ಕುಳಿತಳು. ಬಾಗಿಲಿಗೆ ಚಿಲಕ ಹಾಕದ ಕೊರತೆಯನ್ನು ಮೇಲಿನ ವೆಂಟಿಲೇಟರಿನಲ್ಲಿ ತೀರಿಸಿದಳು. ತನ್ನದೇ ಹಳೆಯ ತಲೆವಸ್ತ್ರವನ್ನು ಮುದ್ದೆ ಮಾಡಿ, ಒಂದು ಎಳೆ ಗಾಳಿಯೂ ನುಸುಳದಂತೆ ಅದರೊಳಗೆ ಒತ್ತಿದಳು.

ಮೀಯಿಸುವಷ್ಟು ಹೊತ್ತೂ ಅವಳ ಕಣ್ಣು ಆ ಪೆಟ್ಟಿಗೆಯ ಮೇಲೆಯೇ. ಕೈ ಚೊಂಬು ಎತ್ತುತ್ತಿತ್ತು, ಬಾಯಿ ಒಳಗೊಳಗೇ ಅಲ್ಲಾಹುವಿನ ಹೆಸರು ಹೇಳುತ್ತಿತ್ತು. ದಿನಗಳು ಕಳೆದವು. ಏನೂ ಸಿಡಿಯಲಿಲ್ಲ. ಮಿಂದೆದ್ದ ನಬೀಸಾ ತಲೆನೋವೆಂದು ಮಲಗುತ್ತಿದ್ದಳು, ಒಮ್ಮೆ ವಾಂತಿಯೂ ಆಯಿತು. ಹೆತ್ತ ಮೈ, ಇದೆಲ್ಲ ಇದ್ದದ್ದೇ ಎಂದು ಜುಬೈದಾ ಕರಿಮೆಣಸಿನ ಕಷಾಯ ಕೊಟ್ಟಳು. ರುಕಿಯಮ್ಮನ ತಲೆಯೂ ಭಾರವಾಗುತ್ತಿತ್ತು. ಹೆದರಿಕೆಗೆ ಹಾಗಾಗುತ್ತದೆಂದು ಅವಳು ಯಾರಿಗೂ ಹೇಳಲಿಲ್ಲ. ಪೆಟ್ಟಿಗೆಯ ಮೇಲಿನ ಸುಣ್ಣದ ಗೋಡೆ ಕಪ್ಪಾಗುತ್ತಾ ಬಂದದ್ದನ್ನು ಎಲ್ಲರೂ ನೋಡಿದರು, ಯಾರೂ ಕೇಳಲಿಲ್ಲ.

ಆ ದಿನ ಕಡಲ ಗಾಳಿ ಜೋರಾಗಿತ್ತು. ರುಕಿಯಮ್ಮ ತಲೆವಸ್ತ್ರದ ಮೇಲೆ ಒಂದು ಗೋಣಿಯನ್ನೂ ತುರುಕಿದಳು. ನೀರು ಬಿಟ್ಟಳು. ಮೀಯಿಸುತ್ತಾ ತಲೆಯೆತ್ತಿ ನೋಡಿದರೆ, ಪೆಟ್ಟಿಗೆಯೊಳಗಿನ ಬೆಂಕಿ ಹಳದಿಯಾಗಿ, ಉದ್ದುದ್ದವಾಗಿ, ಒಲೆಯ ಬೆಂಕಿಯಂತೆಯೇ ಉರಿಯುತ್ತಿತ್ತು. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಇಷ್ಟು ದಿನದಲ್ಲಿ ಮೊದಲ ಬಾರಿಗೆ ಪೆಟ್ಟಿಗೆಯ ಮೇಲಿಂದ ಕಣ್ಣು ತೆಗೆದಳು. ಅಂತೂ ದಾರಿಗೆ ಬಂತು ಅಂದುಕೊಂಡಳು.

ನಬೀಸಾಳ ತಲೆ ಮುಂದಕ್ಕೆ ವಾಲಿತು. ನಿದ್ದೆ ತೂಗುತ್ತಿರಬೇಕು ಎಂದು ರುಕಿಯಮ್ಮ ಇನ್ನೊಂದು ಚೊಂಬು ಹೊಯ್ದಳು. ಸುಡುನೀರು ಬೆನ್ನ ಮೇಲೆ ಬಿದ್ದರೂ ಹುಡುಗಿ ಅಲುಗಲಿಲ್ಲ.

"ನಬೀಸಾ?"

ರುಕಿಯಮ್ಮ ಅವಳ ಭುಜ ಹಿಡಿದು ಅಲುಗಿಸಿದಳು. ಏಳಲು ಹೋದಳು, ಕಾಲುಗಳು ಅವಳವೇ ಅಲ್ಲ. ಕೂಗಲು ಹೋದಳು, ಸ್ವರ ಗಂಟಲಲ್ಲೇ ಉಳಿಯಿತು. ಕಣ್ಣಿಗೆ ಕತ್ತಲೆ ಕವಿಯಿತು. ಹಿಂದಕ್ಕೆ ಕುಸಿದಳು. ಅವಳ ಮೈಭಾರಕ್ಕೆ ಚಿಲಕ ಹಾಕದ ಬಾಗಿಲು ಹೊರಕ್ಕೆ ತೆರೆದು, ಅರ್ಧ ದೇಹ ಅಂಗಳಕ್ಕೆ ಬಿತ್ತು. ಚೊಂಬು ಠಣಠಣ ಉರುಳಿ ಬಾವಿಕಟ್ಟೆಗೆ ಬಡಿಯಿತು.

ಸದ್ದಿಗೆ ಓಡಿಬಂದ ಜುಬೈದಾ ನಲ್ಲಿ ತಿರುಗಿಸಿ ಬೆಂಕಿ ಆರಿಸಿದಳು, ಮಗಳ ಕಂಕುಳಿಗೆ ಕೈಹಾಕಿ ಹೊರಗೆಳೆದಳು. ಎಳೆದವಳೇ ಕಂಬಳಿ ಸುತ್ತಿ ಒಳಕೋಣೆಗೆ ಸಾಗಿಸಲು ಹೊರಟಳು. ಒದ್ದೆ ಬಾಣಂತಿ, ಕಡಲ ಗಾಳಿ!

"ಬೇಡ! ಗಾಳಿಗೇ ಮಲಗಿಸು!" ನೆಲದಲ್ಲಿ ಬಿದ್ದಿದ್ದ ರುಕಿಯಮ್ಮ ಕಿರುಚಿದಳು. ಆ ಗಾಳಿ ಮೂಗಿಗೆ ತಾಗಿದ ಮೇಲೆಯೇ ತನಗೆ ಉಸಿರು ಬಂದದ್ದು ಅವಳಿಗೆ ತಿಳಿದಿತ್ತು.

ಜಗಲಿಯಲ್ಲಿ ಮಲಗಿಸಿದರು. ಎಷ್ಟೋ ಹೊತ್ತಿಗೆ ನಬೀಸಾ ಕಣ್ಣು ಬಿಟ್ಟಳು. ಆದರೆ ಮಾತಿಲ್ಲ. ತಾಯಿ ಕರೆದರೂ ಇಲ್ಲ, ಒಳಗೆ ಮಗು ಚೀರಿದರೂ ಇಲ್ಲ. ಕೇರಿಯವರೆಲ್ಲ ಬಾವ ಎನ್ನುವ ಪಕ್ಕದ ಅಂಗಡಿಯವನು ಕಾರು ತಂದು, ಜುಬೈದಾಳನ್ನೂ ಮಗಳನ್ನೂ ಆಸ್ಪತ್ರೆಗೆ ಕರೆದೊಯ್ದ. ಮಗು ರುಕಿಯಮ್ಮನ ಮಡಿಲಲ್ಲಿ ಉಳಿಯಿತು. ಸಕ್ಕರೆ ನೀರಿನ ಬಟ್ಟೆಯನ್ನು ಚೀಪಿ ಉಗುಳಿ, ಅದು ಅವಳ ಒಣಗಿದ ಎದೆಗೆ ಬಾಯಿ ಹುಡುಕಿತು. ಯಾ ಅಲ್ಲಾಹ್, ಇದರ ತಾಯಿಯನ್ನು ಮಾತಾಡಿಸು ಎಂದು ಅವಳು ಗೋಳೋ ಎಂದು ಅತ್ತಳು.

ಮಾರನೆಯ ದಿನ ಬಾವ ಉಡುಪಿಯಿಂದ ಗ್ಯಾಸ್ ರಿಪೇರಿಯ ಜೋಕಿಮ್‌ನನ್ನು ಕರೆತಂದ. ಅವನು ಕಪ್ಪು ಗೋಡೆ ನೋಡಿದ, ಮೇಲೆ ನೋಡಿದ, ಸ್ಟೂಲು ಹತ್ತಿ ಗೋಣಿ ಎಳೆದ. ಅದರ ಹಿಂದೆ ತಲೆವಸ್ತ್ರ ಬಂತು.

"ಇದನ್ನು ಬಚ್ಚಲೊಳಗೆ ಹಾಕಿದ್ದೇ ತಪ್ಪು ಮಾರಾಯ್ರೆ. ಕೊಳವೆಯೂ ಇಲ್ಲ, ಮೇಲಿನ ಕಿಂಡಿಯೂ ಬಂದ್! ಬೆಂಕಿಗೂ ಉಸಿರು ಬೇಕಲ್ವಾ? ಗಾಳಿ ಸಾಕಾದರೆ ನೀಲಿ ಉರಿಯುತ್ತದೆ. ಹಳದಿಯಾಯಿತು, ಮಸಿ ಹಿಡಿಯಿತು ಅಂದರೆ ಕೂಡಲೇ ನಿಲ್ಲಿಸಿ ಹೊರಗೆ ಬರಬೇಕು. ಗ್ಯಾಸು ಸೋರಿದರೆ ವಾಸನೆ ಬರ್ತದೆ. ಈ ವಿಷಕ್ಕೆ ವಾಸನೆಯೂ ಇಲ್ಲ. ತಲೆನೋವು, ಮತ್ತೆ ನಿದ್ದೆ, ಅಷ್ಟೇ. ಯಾರು ಇದನ್ನು ತುರುಕಿದ್ದು?"

ರುಕಿಯಮ್ಮ ಮಗುವನ್ನು ಎದೆಗೊತ್ತಿ ಹಿಡಿದು, "ನಾನು" ಎಂದಳು. ನೀಲಿಗೆ ಹೆದರಿ ಹಳದಿಯನ್ನು ನಂಬಿದ್ದಳಲ್ಲ! ಜೋಕಿಮ್ ಬೈಯಲಿಲ್ಲ. ಗೀಸರನ್ನು ಕಳಚಿ ಹೊರಗೋಡೆಗೆ ಕಟ್ಟಲು ಹೋದ.

ಜುಬೈದಾ ಆಸ್ಪತ್ರೆಯಿಂದ ಬಂದ ಕೂಡಲೇ ರುಕಿಯಮ್ಮ ಮಗುವನ್ನು ಅವಳ ಕೈಗಿತ್ತು ತನ್ನ ಮನೆ ಸೇರಿದಳು. ನಬೀಸಾ ಮನೆಗೆ ಬಂದಳೆಂದು ಕೇಳಿದರೂ ಆ ಕಡೆ ತಲೆ ಹಾಕಲಿಲ್ಲ. ಮಾತು ಬಂತೋ ಇಲ್ಲವೋ ಎಂದು ಯಾರನ್ನಾದರೂ ಕೇಳಲೂ ಹೆದರಿಕೆ. ಕೊನೆಗೆ ಜುಬೈದಾಳೇ ಬಂದು, "ಬಾ. ನೀನೇ ಮೀಯಿಸಬೇಕು" ಎಂದು ಕೈಹಿಡಿದು ಎಳೆದುಕೊಂಡು ಹೋದಳು.

ಬಚ್ಚಲಿನ ಬಾಗಿಲು ಅರೆತೆರೆದಿತ್ತು, ಕಿಂಡಿ ಖಾಲಿಯಿತ್ತು. ನಬೀಸಾ ಬೆನ್ನು ಕೊಟ್ಟು ಕುಳಿತಿದ್ದಳು. ರುಕಿಯಮ್ಮ ಒಂದು ಚೊಂಬು ಹೊಯ್ದಳು. ಹುಡುಗಿ ಮಾತಾಡಲಿಲ್ಲ. ಇನ್ನೊಂದು ಹೊಯ್ದಳು. ಆಗ ಕಡಲ ಗಾಳಿ ಕಿಂಡಿಯಿಂದ ನುಗ್ಗಿ ಒದ್ದೆ ಬೆನ್ನಿಗೆ ತಾಗಿತು.

"ಚಳಿ ರುಕಿಯಮ್ಮ, ಚಳಿ! ಕಿಂಡಿ ಮುಚ್ಚು!"

ಎಷ್ಟೋ ವರ್ಷದ ಅಭ್ಯಾಸ, ಕೈ ತಾನಾಗಿ ತಲೆವಸ್ತ್ರಕ್ಕೆ ಹೋಯಿತು. ಹೋದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಆಗಲಿ ಮಗಳೇ, ಚಳಿಯಾಗಲಿ. ಚಳಿ ಅನ್ನುವ ಬಾಯಿ ಉಂಟಲ್ಲ, ಅಷ್ಟು ಸಾಕು. ಇನ್ನೊಮ್ಮೆ ಹೇಳು."