ಡಬ್ಬಿ ದೇವರು

ಇಂಜಿನ್ ಬಿಡುವ ಉಸಿರಿನಲ್ಲಿರುವ ಎಣ್ಣೆಯನ್ನ ಹಿಡಿದಿಡಲಿ ಅಂತ ಯಶವಂತಪುರದಲ್ಲಿ ನನ್ನ ಲಾರಿಗೊಂದು ಡಬ್ಬಿ ಹಾಕಿಸಿದ್ದೆ. ಆಯುಧಪೂಜೆಗೆ ಅದಕ್ಕೂ ಕುಂಕುಮವಿಟ್ಟು, ಸೇಬು ತರೋಕೆ ಕಾಶ್ಮೀರಕ್ಕೆ ಹೊರಟೆ.

ಅಲ್ಲೊಂದು ಬೆಳಗ್ಗೆ ಬೆಟ್ಟ, ರಸ್ತೆ ಎಲ್ಲಾ ಮಂಜಿನಲ್ಲಿ ತೇಲುತ್ತಿದ್ದವು. ಗಾಡಿ ಸ್ಟಾರ್ಟ್ ಮಾಡಿ ಟೀ ಕುಡೀತಿದ್ದೆ. ಆಯಿಲ್ ನೋಡುವ ಕಡ್ಡಿ ಟಪ್ಪಂತ ಹೊರಗೆ ಹಾರಿತು. ಡಬ್ಬಿಯೊಳಗೆ ಸೇರಿದ್ದ ನೀರು ಹೆಪ್ಪುಗಟ್ಟಿ ಇಂಜಿನ್ನಿಗೆ ಉಸಿರು ಕಟ್ಟಿತ್ತು.

ಟೀ ಅಂಗಡಿ ಅಜ್ಜ ಬಗ್ಗಿ ಡಬ್ಬಿಯ ಮೇಲಿನ ಕುಂಕುಮ ನೋಡಿ, "ಇದು ಯಾವ ದೇವರು?" ಅಂತ ಹಿಂದಿಯಲ್ಲಿ ಕೇಳಿದರು.

"ಬೆಂಗಳೂರು ದೇವರು, ಚಳಿ ತಡೆಯಲ್ಲ" ಅಂದೆ.

ಅವರು ಅದರ ಮೇಲೆ ಬಿಸಿನೀರು ಸುರಿದರು. ಆವಿ ಎದ್ದಿತು, ಕುಂಕುಮ ಕರಗಿ ಕೆಂಪಗೆ ಇಳಿಯಿತು. ಕನಸಿನಲ್ಲಿದ್ದವನ ಹಾಗೆ ಕೈ ಮುಗಿದುಬಿಟ್ಟೆ.

ಊರಿಗೆ ಬಂದು ಡಬ್ಬಿ ಬಿಚ್ಚಿಸಿದೆ. ಪೂಜೆ ಮಾಡಿದ್ದನ್ನ ಗುಜರಿಗೆ ಹಾಕೋಕೆ ಹೆಂಡತಿ ಬಿಡಲಿಲ್ಲ. ನಮ್ಮ ಅಬ್ಬಿಗೆರೆ ಮನೇಲಿ ಒಂದು ಕೆಲಸವನ್ನೂ ಮಾಡದೆ ಪ್ರತಿ ಆಯುಧಪೂಜೆಗೂ ಹೂವು ಮುಡಿಸಿಕೊಳ್ಳೋದು ಅದೊಂದೇ.