ಕರೆಂಟ್ ಹೋಗದ ಪೀಣ್ಯ

ಪೀಣ್ಯದಲ್ಲಿ ಕರೆಂಟೇ ಹೋಗದ ಕಾರ್ಖಾನೆ ಇದೆ ಎಂದರೆ ನಂಬುತ್ತೀರಾ? ಇದೆ. ನಮ್ಮದೇ. ಆದರೆ ಅದು ಇರುವುದು ಕಂಪ್ಯೂಟರಿನ ಒಳಗೆ.

ನಾವು ಪಂಪ್‌ಸೆಟ್ಟಿನ ಮೋಟಾರು ಮಾಡುವವರು. ಇನ್ನೊಂದು ಶೆಡ್ ಕಟ್ಟಬೇಕೆಂದು ನಮ್ಮ ಎಂ.ಡಿ. ಸಾಹೇಬರಿಗೆ ಆಸೆಯಾಯಿತು. (ಅವರು ಕನ್ನಡ ಪತ್ರಿಕೆ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಡೈರೆಕ್ಟರುಗಳ ಮುಂದೆ ಬರೀ ಆಸೆ ಎನ್ನಲಾಗುತ್ತದೆಯೇ? ಹಾಗಾಗಿ ಪ್ಲಾನಿಂಗ್ ಮ್ಯಾನೇಜರ್ ಶೇಷಾದ್ರಿ ಸಿಮ್ಯುಲೇಶನ್ ಮಾಡೆಲ್ ಮಾಡಿಸಿದರು. ಅಂದರೆ, ಇಡೀ ಕಾರ್ಖಾನೆಯನ್ನು ಲೆಕ್ಕದಲ್ಲೇ ಕಟ್ಟಿ, ಮುಂದಿನ ವರ್ಷಗಳನ್ನು ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುವುದು.

ಮೀಟಿಂಗಿನಲ್ಲಿ ಉದ್ದನೆಯ ಕಾಗದ ಬಿಚ್ಚಿದರು. ಹೊಸ ಶೆಡ್ಡಿನಿಂದ ಭರ್ಜರಿ ಲಾಭ. ಪ್ರೊಡಕ್ಷನ್ ನೋಡಿಕೊಳ್ಳುವ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಇದ್ರಲ್ಲಿ ಪವರ್ ಕಟ್ ಎಲ್ಲಿದೆ ಸಾರ್?" ಎಂದೆ.

"ಮೊದ್ಲು ಹಾಕಿದ್ವಿ ಕಣ್ರೀ," ಎಂದರು ಶೇಷಾದ್ರಿ, ಸ್ವಲ್ಪವೂ ಅಳುಕದೆ. "ಹಾಕಿದ್ರೆ ನಷ್ಟ ಅಂತ ಬರುತ್ತೆ. ಅದಕ್ಕೇ ತೆಗೆದ್ಬಿಟ್ವಿ."

"ಗುದ್ದಲಿ ಪೂಜೆ ಆಗ್ಹೋಗಿದೆಯಲ್ರೀ," ಎಂದರು ಎಂ.ಡಿ. ಅಲ್ಲಿಗೆ ಚರ್ಚೆ ಮುಗಿಯಿತು. ಬೋಂಡ ಬಂತು.

ನಗಬೇಡಿ. ಛತ್ರ ಬುಕ್ ಮಾಡಿದ ಮೇಲೆ ಜೋಯಿಸರ ಹತ್ತಿರ ಜಾತಕ ಕೂಡಿಸಲು ಹೋಗುವವರು ನಾವೇ ಅಲ್ಲವೇ? ಕೂಡದಿದ್ದರೆ ಹುಟ್ಟಿದ ಗಳಿಗೆಯನ್ನು ಸ್ವಲ್ಪ ಆಚೀಚೆ ಮಾಡಿಸುತ್ತೇವೆ. ಪಾಪ, ಮಾಡೆಲ್ ಮೊದಲು ನಿಜವನ್ನೇ ಹೇಳಿತ್ತು.

ಶೆಡ್ ಎದ್ದಿತು. ಕಾಯಿಲ್ ಸುತ್ತುವ ಕೆಲಸಕ್ಕೆ ದಾಸರಹಳ್ಳಿಯ ಜಯಮ್ಮ ಸೇರಿದರು. ಊದುಬತ್ತಿ ಕಾರ್ಖಾನೆಯ ಹಳೆಯ ಕೆಲಸ ಬಿಟ್ಟು ಬಂದವರು. ಇಲ್ಲಿ ಪರ್ಮನೆಂಟ್ ಆಗುತ್ತದೆ ಎಂದು ಆಸೆ ಹುಟ್ಟಿಸಿದ್ದು ನಮ್ಮ ಕಂಪನಿಯೇ. ಬೇಸಿಗೆ ಬಂತು, ಕರೆಂಟ್ ಹೋಯಿತು, ಹೊಸ ಶೆಡ್ಡಿನವರಿಗೆಲ್ಲ ಲೇ-ಆಫ್.

ಮೊನ್ನೆ ಗೇಟಿನ ಹತ್ತಿರ ಜಯಮ್ಮ ಕಾಯುತ್ತಿದ್ದರು. "ಊದುಬತ್ತಿಯೋರು ಬ್ಯಾರೆಯೋರ್ನ ತಗೊಂಡ್ಬಿಟ್ಟವ್ರೆ ಸಾರ್. ಇಲ್ಲಿ ಯಾವತ್ತು ಕರೀತೀರ?" ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು. ವಿಚಾರಿಸಿ ಹೇಳುತ್ತೇನೆಂದು ಶೇಷಾದ್ರಿಯ ಬಳಿ ಹೋದೆ.

ಅವರು ಮತ್ತದೇ ಕಾಗದ ಬಿಚ್ಚಿ ಬೆರಳಿಟ್ಟು ತೋರಿಸಿದರು. "ನೋಡ್ರೀ, ಮಾಡೆಲ್ ಪ್ರಕಾರ ಈ ತಿಂಗ್ಳು ಹೊಸ ಶೆಡ್ ಫುಲ್ ಕೆಪಾಸಿಟಿ. ಓವರ್‌ಟೈಮೂ ಇದೆ."

ಸರಿ, ಆ ಓವರ್‌ಟೈಮಿನ ದುಡ್ಡನ್ನು ಜಯಮ್ಮ ಯಾವ ಕೌಂಟರಿನಲ್ಲಿ ತೆಗೆದುಕೊಳ್ಳಬೇಕು?