ಮಡಿ ಹಿಡಿದ ಶೆಗಡಿ

ನಮ್ಮ ಮನೆಯ ಕರಂಟಿನ ಶೆಗಡಿ ಮಡಿ ಹಿಡಿದಿತ್ತು. ಹಾಗೆಂದು ಅಜ್ಜಿ ನಂಬಿದ್ದಳು, ನಂಬಲು ಆಧಾರವೂ ಇತ್ತು: ಜಳಕ ಮಾಡದೆ ಮುಟ್ಟಿದವರಿಗೆ ಅದು ಹೊಡೆಯುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು, ಡೊಂಬಿವಲಿಯ ಎರಡು ಖೋಲಿ, ಎಂದರೆ ಎರಡು ಕೋಣೆಯ ಮನೆ. ಎಲ್ಲರೂ ಮುಟ್ಟುವ ಸೀಮೆಎಣ್ಣೆ ಸ್ಟೋವಿನ ಮೇಲೆ ಬೆಂದದ್ದನ್ನು ಅಜ್ಜಿ ಉಣ್ಣುತ್ತಿರಲಿಲ್ಲ. ಅವಳಿಗಾಗಿ ಅಪ್ಪ, ವಾಗ್ಳೆ ಎಸ್ಟೇಟಿನ ತಾನು ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಬಿಸಾಡಿದ ತಗಡು ತಂದು ಈ ಪುಟ್ಟ ಒಲೆ, ಶೆಗಡಿ, ಮಾಡಿದ್ದ. ತಗಡಿನ ಡಬ್ಬಿ, ಒಳಗೊಂದು ಬಿಳಿ ಮಣ್ಣಿನ ಬಿಲ್ಲೆ, ಅದರ ಮೇಲೆ ಏನೂ ಮುಚ್ಚಿಕೊಳ್ಳದೆ ಮಲಗಿದ ತಂತಿಯ ಸುರುಳಿ. ಸ್ವಿಚ್ಚಿಲ್ಲ, ಎರಡು ಕಡ್ಡಿಯ ಪ್ಲಗ್ಗು ಅಷ್ಟೇ. ಅದು ಕೆಂಪಗಾದರೆ ಮನೆಯ ದೀಪಗಳು ಹಳದಿಯಾಗುತ್ತಿದ್ದವು.

ತಂಗಿ ಮುಟ್ಟಿ ಕಿರುಚಿದಾಗೆಲ್ಲ ಅಜ್ಜಿಯದು ಒಂದೇ ಮಾತು.

“ಜಳಕಿಲ್ಲ ಏನಿಲ್ಲ, ಮುಟ್ಟಲಿಕ್ಕೆ ಹೋಗ್ತೀ. ನನಗ ಒಂದ್ ದಿನಾನೂ ಹೊಡದಿಲ್ಲ ನೋಡು.”

“ಆಜೀ, ಕರಂಟ್ ಆಹೇ ತೇ!” ತಂಗಿಗೆ ಅಳು ಮರಾಠಿಯಲ್ಲೇ ಬರುತ್ತಿತ್ತು.

“ಕರಂಟಿಗೂ ಬುದ್ಧಿ ಇರ್ತದ. ನಿನಗಿಲ್ಲ.”

ನಾನಾಗ ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದು, ದಿವಾ ಸ್ಟೇಷನ್ ಬರುವುದರೊಳಗೆ ದೇವರಿಲ್ಲವೆಂದು ಸಾಧಿಸಿ ಮುಗಿಸುವ ವಯಸ್ಸು. ಅಜ್ಜಿ ಮಠಕ್ಕೆ ಹೋದ ಒಂದು ಬೆಳಿಗ್ಗೆ, ಚಪ್ಪಲಿಯ ಮೊಳೆ ಕೀಳಲು ಬಳಸಿದ ಸ್ಕ್ರೂಡ್ರೈವರಿನಿಂದಲೇ ಶೆಗಡಿ ಬಿಚ್ಚಿದೆ. ಸುರುಳಿಯ ಒಂದು ತುದಿ ತಗಡಿಗೆ ತಾಗಿತ್ತು. ಪ್ಲಗ್ಗನ್ನು ಒಂದು ಕಡೆ ಚುಚ್ಚಿದರೆ ತಗಡಿಗೆಲ್ಲ ಕರಂಟು, ತಿರುಗಿಸಿ ಚುಚ್ಚಿದರೆ ಮೌನ. ಅಜ್ಜಿ ಕೂರುತ್ತಿದ್ದುದು ಒಣ ಕಟ್ಟಿಗೆಯ ಮಣೆಯ ಮೇಲೆ. ನಾವು ನಿಲ್ಲುತ್ತಿದ್ದುದು ಒದ್ದೆ ನೆಲದ ಮೇಲೆ. ಅಷ್ಟೇ ಅದರ ಮಡಿ! ಹಳೆಯ ಇಸ್ತ್ರಿಯಿಂದ ಕರಂಟು ದಾಟದ ಮೈಕಾದ ಚೂರೊಂದನ್ನು ಕಿತ್ತು ನಡುವೆ ಇಡುತ್ತಿದ್ದೆ, ಅಜ್ಜಿ ಬಂದಳು.

ಅವಳು ನೋಡಿದ್ದು ಸುರುಳಿಯನ್ನಲ್ಲ. ಸ್ಕ್ರೂಡ್ರೈವರನ್ನು, ಪಕ್ಕದಲ್ಲಿದ್ದ ಚಪ್ಪಲಿಯನ್ನು.

ಶೆಗಡಿ ಮೈಲಿಗೆಯಾಯಿತೆಂದು ಎರಡು ದಿನ ಬಾಳೆಹಣ್ಣಿನ ಮೇಲೆ ಇದ್ದಳು. ಮೂರು ದಿನವೆಂದು ತಂಗಿ ಹೇಳುತ್ತಾಳೆ. ಆ ವಿಷಯದಲ್ಲಿ ನನ್ನ ನೆನಪು ನನ್ನ ಪರವಾಗಿರಬಹುದು.

“ಸೈಂಟಿಸ್ಟ್ ಸಾಹೇಬ್ರ,” ಎಂದಳು ಅವ್ವ, “ವಯಸ್ಸಾದ ಜೀವ ಬರೇ ಬಾಳೆಹಣ್ಣಿನ ಮ್ಯಾಲೆ ಎಷ್ಟ್ ದಿನ ಇರತದ? ಅದನ್ನೂ ಟೆಸ್ಟರ್ ಹಚ್ಚಿ ನೋಡ್ರಿ.”

ಅಜ್ಜಿ ಒಂದೇ ದಾರಿ ಬಿಟ್ಟಿದ್ದಳು. “ಮೈಲಿಗಿ ಮಾಡಿದವನೇ ಜಳಕ ಮಾಡಿ ಮಡೀಲೇ ಜೋಡಸಬೇಕು.”

ಜೋಡಿಸಿದೆ. ಒಂದೊಂದು ಸ್ಕ್ರೂವನ್ನೂ ತೊಳೆದು, ಕಿಟಕಿಯ ಬಿಸಿಲಲ್ಲಿ ಒಣಗಿಸಿ, ಒದ್ದೆ ಪಂಚೆಯಲ್ಲಿ ನಡುಗುತ್ತ. ಒದ್ದೆ ಬಟ್ಟೆ, ಬರಿಗಾಲು, ಹಸಿ ನೆಲ: ಕರಂಟಿನ ಹತ್ತಿರ ಏನೇನು ಕೂಡದೆಂದು ತಂಗಿಗೆ ಉಪದೇಶಿಸಿದ್ದೆನೋ ಅಷ್ಟೂ ನನ್ನ ಮೈಮೇಲಿತ್ತು. ಶೆಗಡಿ ಮುಟ್ಟುವಾಗ ಪಂಚೆ ಒಣಗಿತ್ತು, ನಾನು ಕಣ್ಣು ಮುಚ್ಚಿದ್ದೆ ಎನ್ನುವುದು ತಂಗಿಯ ಸಾಕ್ಷ್ಯ. ಮೊದಲು ಟೆಸ್ಟರ್ ಹಚ್ಚಿದೆನೇ? ಹಚ್ಚಿರಬೇಕು. ಇಲ್ಲವಾದರೆ ಇದನ್ನು ಬರೆಯುವವನ ಬಗ್ಗೆ ನನಗೇ ಗೌರವ ಉಳಿಯುವುದಿಲ್ಲ.

ಪ್ಲಗ್ಗು ಚುಚ್ಚಿ ತಗಡು ಮುಟ್ಟಿದೆ. ಏನೂ ಆಗಲಿಲ್ಲ. ತಿರುಗಿಸಿ ಚುಚ್ಚಿ ಮುಟ್ಟಿದೆ. ಏನೂ ಇಲ್ಲ.

“ನೋಡಿದೇನಜ್ಜೀ?” ಎಂದೆ, ಗೆದ್ದ ದನಿಯಲ್ಲಿ.

“ನೋಡಿದೆ,” ಎಂದಳು ಅಜ್ಜಿ, ನನಗಿಂತ ಗೆದ್ದ ದನಿಯಲ್ಲಿ. “ಮಡೀಲೇ ಇದ್ದವರಿಗೆ ಹೊಡಿಯೂದಿಲ್ಲ ಅಂತ ಮೊದಲಿಂದ ಹೇಳಲಿಕ್ಕೆ ಹತ್ತೀನಿ.”

ತಂಗಿ ಬಾಗಿಲಲ್ಲೇ ನಿಂತಿದ್ದಳು, ಅಂದು ಇನ್ನೂ ಜಳಕವಾಗಿರಲಿಲ್ಲ. ಅವಳಿಂದ ಒಮ್ಮೆ ಮುಟ್ಟಿಸಿದ್ದರೆ ವಾದ ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜಿಯ ಊಟವೂ. ಅಷ್ಟರಲ್ಲಿ ಅಜ್ಜಿ ಮಣೆ ಹಾಕಿಕೊಂಡು ಅನ್ನಕ್ಕೆ ಎಸರಿಟ್ಟಿದ್ದಳು, ದೀಪಗಳು ಹಳದಿಯಾಗಿದ್ದವು.

ತಂಗಿ ಕೈ ಚಾಚಿದಳು.

“ಮುಟ್ಟಬ್ಯಾಡ,” ಎಂದೆ ನಾನು. “ಜಳಕಾಗಿಲ್ಲ ನಿಂದು.”